ನಿಂತ ಗಾಡಿಯ ಉಸಿರು

(ಸಂಘದ ಮಾಸಿಕ ಕುಟುಂಬ ಕೂಟದಲ್ಲಿ ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ನಿಂತು ಮಾತನಾಡಿದವರೆಲ್ಲ ಪಂಡಿತರು, ಕವಿಗಳು, ಇಲ್ಲವೆ ದೊಡ್ಡ ಅಧಿಕಾರಿಗಳು. ನಾನಾದರೋ ಬ್ಯಾಂಕಿನ ಗುಮಾಸ್ತ, ಓದಿದ್ದು ಬಿ.ಕಾಂ. ಬೆಳಗಿನಿಂದ ಸಂಜೆಯವರೆಗೆ ಇನ್ನೊಬ್ಬರ ಹಣವನ್ನು ಎಣಿಸುವುದು, ಇನ್ನೊಬ್ಬರ ಲೆಕ್ಕವನ್ನು ತಾಳೆ ನೋಡುವುದು ನನ್ನ ಕಸುಬು. ಹೀಗಿರುವ ನನ್ನನ್ನು ಮೋಟಾರು ಗಾಡಿಯ ವಿಷಯವಾಗಿ ನಾಲ್ಕು ಮಾತು ಹೇಳೆಂದು ಕಾರ್ಯದರ್ಶಿಗಳು ಹಿಡಿದು ತಂದಿದ್ದಾರೆ. ಇದಕ್ಕೆ ನನ್ನ ಪಾಂಡಿತ್ಯ ಕಾರಣವಲ್ಲ. ನಾನು ಪಟ್ಟ ಪಾಡು ಕಾರಣ.

ಪ್ರಕಟಣೆಯಲ್ಲಿ ‘ಕಾರಿನ ಐಡ್ಲಿಂಗ್ ತೊಂದರೆಗಳು’ ಎಂದು ಅಚ್ಚಾಗಿತ್ತು. ಅದನ್ನು ಕನ್ನಡಕವಿಲ್ಲದೆ ಓದಿದ ನಮ್ಮ ಹಿರಿಯ ಸದಸ್ಯರೊಬ್ಬರು, “ಇಡ್ಲಿಗೆ ಏನಯ್ಯ ತೊಂದರೆ? ಹಿಟ್ಟು ಹುಳಿ ಬರಲಿಲ್ಲವೆ?” ಎಂದು ಕೇಳಿದರು. ದಿಲ್ಲಿಯ ಚಳಿಯಲ್ಲಿ ಹಿಟ್ಟು ಉಬ್ಬದಿರುವುದೂ ನಿಜವೆ. ಆದರೆ ಆ ವಿಷಯದಲ್ಲಿ ಮಾತನಾಡಲು ಇಲ್ಲಿ ಕುಳಿತಿರುವ ತಾಯಂದಿರು ನನಗಿಂತ ಹೆಚ್ಚು ಅರ್ಹರು. ನಾನು ಹೇಳಹೊರಟಿರುವುದು, ಗಾಡಿ ಚಲಿಸದೆ ನಿಂತಿರುವಾಗ ಎಂಜಿನು ತನ್ನ ಪಾಡಿಗೆ ತಾನು ಮೆಲ್ಲಗೆ ತಿರುಗುತ್ತಿರುತ್ತದಲ್ಲ, ಆ ನಡಿಗೆಯ ವಿಷಯ. ಇಲ್ಲಿನ ಮೆಕ್ಯಾನಿಕರು ಅದನ್ನು ‘ಸ್ಲೋ’ ಎನ್ನುತ್ತಾರೆ. ನಾನು ಅದನ್ನು ಗಾಡಿಯ ಉಸಿರು ಎಂದು ಕರೆಯುತ್ತೇನೆ. ಏಕೆಂದು ಮುಂದೆ ತಿಳಿಯುವುದು.

ಮೊದಲು ನಡೆದ ಸಂಗತಿಯನ್ನು ಹೇಳಿಬಿಡುತ್ತೇನೆ. ಅದನ್ನು ಮರೆಮಾಚಿ ಬರಿಯ ಉಪದೇಶ ಕೊಟ್ಟರೆ ಅದು ಪ್ರಾಮಾಣಿಕವಾಗದು.

ನನ್ನದು 2014ರ ಪೆಟ್ರೋಲು ಗಾಡಿ. 2018ರಲ್ಲಿ ಎರಡನೆಯ ಕೈಯಿಂದ ಕೊಂಡದ್ದು. 2022ರ ಅಕ್ಟೋಬರಿನಲ್ಲಿ ಅದಕ್ಕೆ ಒಂದು ಚಾಳಿ ಅಂಟಿತು. ಸಿಗ್ನಲ್ಲಿನಲ್ಲಿ ನಿಂತರೆ ಎಂಜಿನ್ನಿನ ವೇಗ ಏರುವುದು, ಇಳಿಯುವುದು, ಮತ್ತೆ ಏರುವುದು. ಒಮ್ಮೊಮ್ಮೆ ಇಳಿದದ್ದು ಏರದೆ ಹಾಗೆಯೇ ಆರಿಹೋಗುವುದು. ‘ರೆಡ್ ಲೈಟ್ ಆನ್, ಗಾಡಿ ಆಫ್’ ಎಂದು ದಿಲ್ಲಿ ಸರ್ಕಾರ 2020ರ ಅಕ್ಟೋಬರಿನಲ್ಲಿ ಪ್ರಚಾರ ಮಾಡಿದ್ದು ನಿಮಗೆ ನೆನಪಿರಬಹುದು. ನನ್ನ ಗಾಡಿ ಹೇಳಿಸಿಕೊಳ್ಳದೆಯೇ ಆಜ್ಞಾಪಾಲನೆ ಮಾಡುತ್ತಿದೆ ಎಂದು ಆಫೀಸಿನಲ್ಲಿ ನಗೆಯಾಡಿದೆವು. ದೀಪಾವಳಿಯ ಖರ್ಚು ಕಳೆಯಲಿ, ಮಗುವಿನ ಶಾಲೆಯ ಫೀಜು ಕಟ್ಟಿಯಾಗಲಿ, ಆಮೇಲೆ ತೋರಿಸೋಣವೆಂದು ಎರಡು ತಿಂಗಳು ದೂಡಿದೆ.

ಡಿಸೆಂಬರಿನ ಕೊನೆಯ ವಾರ. ತಿಪಟೂರಿನಿಂದ ಅಮ್ಮ ಬಂದಿದ್ದರು. ಅವರಿಗೆ ಮೊದಲಿನಿಂದ ಉಬ್ಬಸ. ದಿಲ್ಲಿಯ ಹೊಗೆಯಲ್ಲಿ ಅದು ಇಮ್ಮಡಿಯಾಯಿತು. ಒಂದು ರಾತ್ರಿ ಎರಡು ಗಂಟೆಯ ಹೊತ್ತಿಗೆ ಉಸಿರೇ ಸಿಕ್ಕದಂತಾಯಿತು. ಮಯೂರ ವಿಹಾರದ ನಮ್ಮ ಮನೆಯಿಂದ ಯಮುನೆ ದಾಟಿ ಆಸ್ಪತ್ರೆಗೆ ಹೊರಟೆವು. ನಿಜಾಮುದ್ದೀನ್ ಸೇತುವೆಯ ಮೇಲೆ ಮಂಜು ಕವಿದಿತ್ತು. ಮುಂದೆ ಲಾರಿಗಳ ಸಾಲು. ಆಕ್ಸಿಲರೇಟರಿನಿಂದ ಕಾಲು ತೆಗೆದೆ. ಎಂಜಿನು ಎರಡು ಬಾರಿ ತೂಗಾಡಿ ಆರಿತು. ಮತ್ತೆ ಹಚ್ಚಿದೆ, ಹತ್ತಿತು, ಆರಿತು. ಐದಾರು ಬಾರಿಯಾದ ಮೇಲೆ ಬ್ಯಾಟರಿಯೂ ಕೈಬಿಟ್ಟಿತು. ಹಿಂದಿನಿಂದ ಬರುವ ಲಾರಿಗಳ ದೀಪ ಮಂಜಿನಲ್ಲಿ ಹತ್ತು ಮಾರು ಹತ್ತಿರ ಬಂದ ಮೇಲೆಯೇ ಕಾಣುತ್ತಿತ್ತು. ನನ್ನ ಮನೆಯಾಕೆ ರಸ್ತೆಯ ಪಕ್ಕದಲ್ಲಿ ನಿಂತು ಮೊಬೈಲಿನ ಬೆಳಕನ್ನು ಬೀಸುತ್ತಿದ್ದಳು. ಹಿಂದಿನ ಸೀಟಿನಲ್ಲಿ ಅಮ್ಮನ ಎದೆಯ ಸೀಟಿಯಂಥ ಸದ್ದು ಮುಂದಿನ ಸೀಟಿಗೆ ಕೇಳುತ್ತಿತ್ತು.

ಒಬ್ಬ ಆಟೋ ಚಾಲಕ ನಿಂತ. ಏನು ಎತ್ತ ಎಂದು ಕೇಳಲಿಲ್ಲ. ಅಮ್ಮನನ್ನು ಕೈಹಿಡಿದು ಹತ್ತಿಸಿಕೊಂಡು ಆಸ್ಪತ್ರೆಯ ಬಾಗಿಲಿಗೆ ಮುಟ್ಟಿಸಿದ. ಮೀಟರಿನ ಮೇಲೆ ಒಂದು ರೂಪಾಯಿ ಹೆಚ್ಚು ಮುಟ್ಟಲಿಲ್ಲ. ಅವನ ಹೆಸರು ಕೇಳುವ ಪ್ರಜ್ಞೆಯೂ ನನಗೆ ಇರಲಿಲ್ಲ. ನಾಲ್ಕು ದಿನಕ್ಕೆ ಅಮ್ಮ ಚೇತರಿಸಿಕೊಂಡರು. ಮೂಗಿಗೆ ಆಮ್ಲಜನಕದ ಕೊಳವೆ ಹಾಕಿಕೊಂಡು ಮಲಗಿದ್ದಾಗಲೇ ಅವರು ಹೇಳಿದ ಮಾತು ಇದು: “ನಿನ್ನ ಗಾಡಿಗೂ ನನ್ನ ಹಾಗೇ ಉಬ್ಬಸ ಕಣೋ. ಅದಕ್ಕೂ ಎಲ್ಲೋ ಗಾಳಿ ಸರಿಯಾಗಿ ಹೋಗ್ತಿಲ್ಲ.”

ಅಮ್ಮ ಓದಿದ್ದು ನಾಲ್ಕನೆಯ ತರಗತಿ. ಆದರೆ ರೋಗವನ್ನು ಹಿಡಿದವರಲ್ಲಿ ಅವರೇ ಮೊದಲಿಗರು.

ಗಾಡಿಯನ್ನು ದೊಡ್ಡ ವರ್ಕ್‌ಶಾಪೊಂದಕ್ಕೆ ಎಳೆಸಿಕೊಂಡು ಹೋದೆ. ಅರ್ಧ ಗಂಟೆ ನೋಡಿ, ಥ್ರಾಟಲ್ ಬಾಡಿ ಕೆಟ್ಟಿದೆ, ಹೊಸದು ಹಾಕಬೇಕು ಎಂದರು. ಬಿಲ್ಲು 16,400 ರೂಪಾಯಿ. ಕೊಟ್ಟೆ. ಗಾಡಿ ಒಂದು ವಾರ ಚಿನ್ನದಂತೆ ಓಡಿ, ಎಂಟನೆಯ ದಿನ ಐ.ಟಿ.ಓ. ಚೌಕದಲ್ಲಿ ಹಳೆಯ ರಾಗವನ್ನೇ ತೆಗೆಯಿತು.

ನಮ್ಮಲ್ಲಿ ಲೆಕ್ಕ ಬರೆಯುವವರು ಇದನ್ನು ಚೆನ್ನಾಗಿ ಬಲ್ಲರು. ತಾಳೆಪಟ್ಟಿ ಕೂಡಿಬರದಿದ್ದಾಗ ಸೋಮಾರಿ ಗುಮಾಸ್ತ ಏನು ಮಾಡುತ್ತಾನೆ? ವ್ಯತ್ಯಾಸದ ಮೊತ್ತವನ್ನು ಸಸ್ಪೆನ್ಸ್ ಖಾತೆಗೆ ತಳ್ಳಿ ಮನೆಗೆ ಹೋಗುತ್ತಾನೆ. ಅಂದು ಸಂಜೆ ಪಟ್ಟಿ ಕೂಡುತ್ತದೆ. ತಪ್ಪು ಮಾತ್ರ ಇದ್ದಲ್ಲಿಯೇ ಇರುತ್ತದೆ. ಕಾರಣ ಹುಡುಕದೆ ಭಾಗ ಬದಲಾಯಿಸುವುದು ಸಸ್ಪೆನ್ಸ್ ಖಾತೆಗೆ ಬರೆದಂತೆಯೇ. ಬಲ್ಲ ಗುಮಾಸ್ತ ಹಾಗೆ ಮಾಡುವುದಿಲ್ಲ. ವ್ಯತ್ಯಾಸವನ್ನು ಒಂಬತ್ತರಿಂದ ಭಾಗಿಸಿ ನೋಡುತ್ತಾನೆ. ಶೇಷವಿಲ್ಲದೆ ಹೋದರೆ ಯಾವುದೋ ಅಂಕೆ ಹಿಂದುಮುಂದಾಗಿರಬಹುದು. ಎರಡರಿಂದ ಭಾಗಿಸಿ ನೋಡುತ್ತಾನೆ; ಆ ಅರ್ಧ ಮೊತ್ತದ ಬಾಬು ಖರ್ಚಿನ ಬದಲು ಜಮೆಗೆ ಹತ್ತಿರಬಹುದು. ತಪ್ಪಿನ ಆಕಾರವೇ ತಪ್ಪಿನ ವಿಳಾಸ ಹೇಳುತ್ತದೆ. ಎಂಜಿನ್ನೂ ಹೀಗೆಯೇ ಎಂದು ನನಗೆ ಕಲಿಸಿದವರು ನಮ್ಮ ಕಾಲೊನಿಯ ಹಿಂದಿನ ಬೇವಿನ ಮರದ ಕೆಳಗೆ ಕೆಲಸ ಮಾಡುವ ಒಬ್ಬ ವೃದ್ಧ ಮೆಕ್ಯಾನಿಕರು. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಾರೆ.

ಅವರ ಮಾತಿಗೆ ಬರುವ ಮೊದಲು ಎಂಜಿನ್ನಿನ ಉಸಿರಾಟ ಹೇಗೆಂದು ಎರಡು ಮಾತು. ಎಂಜಿನ್ನಿಗೆ ಬೇಕಾದದ್ದು ಮೂರು: ಗಾಳಿ, ಪೆಟ್ರೋಲು, ಕಿಡಿ. ಒಂದು ತೂಕ ಪೆಟ್ರೋಲು ಪೂರ್ತಿಯಾಗಿ ಉರಿಯಲು ಸುಮಾರು 14.7 ತೂಕ ಗಾಳಿ ಬೇಕು. ಗಾಳಿ ಒಳಹೋಗುವ ದಾರಿಯಲ್ಲಿ ಒಂದು ದುಂಡು ತಟ್ಟೆ ಇದೆ. ನಡುವಿನ ಕಡ್ಡಿಯ ಮೇಲೆ ಕಿಟಕಿಯ ಬಾಗಿಲಿನಂತೆ ತಿರುಗುತ್ತದೆ. ಅದೇ ಥ್ರಾಟಲ್. ಆಕ್ಸಿಲರೇಟರು ತುಳಿದರೆ ಪೆಟ್ರೋಲು ಹೆಚ್ಚುವುದೆಂದು ಬಹುಮಂದಿ ತಿಳಿದಿದ್ದಾರೆ. ಪೆಟ್ರೋಲು ಗಾಡಿಯಲ್ಲಿ ನಾವು ತೆರೆಯುವುದು ಗಾಳಿಯ ಬಾಗಿಲನ್ನು. ಬಂದ ಗಾಳಿಯನ್ನು ಅಳೆದು ತಕ್ಕಷ್ಟು ಪೆಟ್ರೋಲನ್ನು ಚಿಮ್ಮಿಸುವುದು ಗಾಡಿಯೊಳಗಿನ ಕಂಪ್ಯೂಟರು.

ಕಾಲು ತೆಗೆದಾಗ ಬಾಗಿಲು ಹೆಚ್ಚುಕಡಿಮೆ ಮುಚ್ಚಿಕೊಳ್ಳುತ್ತದೆ. ಪೂರಾ ಮುಚ್ಚಿದರೆ ಎಂಜಿನು ಉಸಿರುಕಟ್ಟಿ ಸಾಯುವುದು. ಆದುದರಿಂದ ಹಳೆಯ ಬಗೆಯ ಗಾಡಿಗಳಲ್ಲಿ ತಟ್ಟೆಯ ಪಕ್ಕದಿಂದ ಒಂದು ಸಣ್ಣ ದಾರಿ ಬಿಟ್ಟು ಅದಕ್ಕೊಂದು ಕವಾಟ ಇಟ್ಟಿರುತ್ತಾರೆ. ಹೊಸ ಬಗೆಯವುಗಳಲ್ಲಿ ಪುಟ್ಟ ಮೋಟರೊಂದು ತಟ್ಟೆಯನ್ನೇ ಕೂದಲೆಳೆಯಷ್ಟು ತೆರೆದು ಹಿಡಿದಿರುತ್ತದೆ. ಬಿಸಿಯಾದ ಎಂಜಿನು ನಿಂತಲ್ಲಿ ನಿಮಿಷಕ್ಕೆ ಸುಮಾರು 700ರಿಂದ 900 ಸುತ್ತು ತಿರುಗುವುದು ವಾಡಿಕೆ. ಬೆಳಗಿನ ಚಳಿಯಲ್ಲಿ 1,200 ಅಥವಾ ಇನ್ನೂ ಹೆಚ್ಚಿದ್ದು ಕ್ರಮೇಣ ಇಳಿದರೆ ಅದು ರೋಗವಲ್ಲ.

ಮುಚ್ಚಿದ ಬಾಗಿಲಿನ ಹಿಂದೆ ಎಂಜಿನು ಎಳೆಯುತ್ತಲೇ ಇರುವುದರಿಂದ ಅಲ್ಲಿ ಗಾಳಿಯ ಒತ್ತಡ ಹೊರಗಿನದರ ಮೂರನೆಯ ಒಂದು ಪಾಲಿನ ಆಸುಪಾಸಿಗೆ ಇಳಿಯುತ್ತದೆ. ಈ ಸೆಳೆತವನ್ನು ಮೆಕ್ಯಾನಿಕರು ‘ವ್ಯಾಕ್ಯೂಮ್’ ಎನ್ನುತ್ತಾರೆ. ನಾವು ಹಗುರವಾಗಿ ಬ್ರೇಕು ತುಳಿಯಲು ಸಹಾಯ ಮಾಡುವುದೂ ಬಹುಪಾಲು ಪೆಟ್ರೋಲು ಗಾಡಿಗಳಲ್ಲಿ ಇದೇ ಸೆಳೆತ. ಈ ಭಾಗಕ್ಕೆ ಸೇರಿದ ರಬ್ಬರು ಕೊಳವೆಗಳಲ್ಲಿ ಎಲ್ಲಿ ಒಂದು ಬಿರುಕು ಬಿಟ್ಟರೂ, ಬಾಗಿಲಿಗೆ ಲೆಕ್ಕ ಕೊಡದ ಗಾಳಿ ಕಳ್ಳದಾರಿಯಿಂದ ನುಗ್ಗುತ್ತದೆ. ಇದು ನೆನಪಿರಲಿ.

ಈಗ ಉಸ್ತಾದರ ವಿಷಯ. ಅವರು ಬಾನೆಟ್ಟು ತೆರೆಯಲಿಲ್ಲ. “ಬಾಬೂಜಿ, ಇದು ಯಾವಾಗ ಆಗುತ್ತದೆ?” ಎಂದು ಕೇಳಿದರು. “ಯಾವಾಗಲೂ” ಎಂದೆ. “ಎಂಜಿನು ತಣ್ಣಗಿರುವಾಗಲೋ, ಬಿಸಿಯಾದಾಗಲೋ? ಏಸಿ ಹಾಕಿದಾಗಲೋ, ಹಾಕದಿದ್ದಾಗಲೋ? ನಿಂತಮೇಲೋ, ನಿಲ್ಲಿಸುವಾಗಲೋ? ಮುಳ್ಳು ಎಲ್ಲಿಂದ ಎಲ್ಲಿಗೆ ಓಡುತ್ತದೆ?” ಒಂದಕ್ಕೂ ನನ್ನಲ್ಲಿ ಉತ್ತರವಿಲ್ಲ. ಎರಡು ತಿಂಗಳು ಆ ಗಾಡಿಯಲ್ಲಿ ಕುಳಿತವನು ನಾನೇ. “ಬ್ಯಾಂಕಿನವರಲ್ಲವೆ? ಒಂದು ವಾರ ಬರೆದಿಡಿ. ಆಮೇಲೆ ಬನ್ನಿ” ಎಂದು ಕಳುಹಿಸಿಬಿಟ್ಟರು.

ನಾಚಿಕೆಯಾಯಿತು. ಅಂದೇ ನಲವತ್ತು ಪುಟದ ಒಂದು ನೋಟು ಪುಸ್ತಕ ಕೊಂಡು ಗೆರೆ ಎಳೆದೆ: ತಾರೀಖು, ವೇಳೆ, ಎಂಜಿನು ತಣ್ಣಗೋ ಬಿಸಿಯೋ, ಏಸಿ, ಸುತ್ತಿನ ಸಂಖ್ಯೆ, ನಡೆದದ್ದೇನು. ಎಂಟು ದಿನವಾಗುವಷ್ಟರಲ್ಲಿ ಪುಸ್ತಕವೇ ಮಾತನಾಡತೊಡಗಿತು. ಮನೆಬಿಟ್ಟ ಮೊದಲ ಹತ್ತು ನಿಮಿಷ ಒಂದು ದಿನವೂ ತೊಂದರೆ ಇಲ್ಲ. ಬಿಸಿಯಾದ ಮೇಲೆ ಪ್ರತಿದಿನವೂ ಉಂಟು. ಏಸಿ ಇದ್ದರೂ ಅದೇ, ಇಲ್ಲದಿದ್ದರೂ ಅದೇ. ಮುಳ್ಳು 900ರಿಂದ 1,500ಕ್ಕೆ ಏರಿ ಇಳಿಯುತ್ತದೆ. ಆರುವುದು ಮಾತ್ರ ಗಾಡಿಯನ್ನು ನಿಲುಗಡೆಗೆ ತರುವ ಗಳಿಗೆಯಲ್ಲಿ.

ಉಸ್ತಾದರು ಪುಸ್ತಕವನ್ನು ಓದಿಸಿಕೊಂಡು ಕೇಳಿ ನಕ್ಕರು. “ಗಾಳಿ ಕಳ್ಳತನ” ಎಂದರು. ಒಂದು ನೀರು ಚಿಮುಕಿಸುವ ಬಾಟಲಿ ತೆಗೆದುಕೊಂಡು, ಎಂಜಿನು ಓಡುತ್ತಿರುವಾಗಲೇ ರಬ್ಬರು ಕೊಳವೆಗಳ ಸಂದಿಗೊಂದಿಗೆ ಒಂದೊಂದಾಗಿ ನೀರು ಸಿಂಪಡಿಸುತ್ತ ಹೋದರು. ಕಿಡಿ ಹತ್ತುವ ಪ್ಲಗ್ಗು, ತಂತಿಗಳ ಕಡೆಗೆ ಹನಿ ಬೀಳಗೊಡಲಿಲ್ಲ. ಎಂಜಿನ್ನಿನ ಹೊಟ್ಟೆಯ ಆವಿಯನ್ನು ಮತ್ತೆ ಒಳಕ್ಕೆ ಒಯ್ಯುವ ಕೊಳವೆಯ ಮೊಣಕೈಯ ಕೆಳಬದಿಗೆ ನೀರು ತಾಗಿದ್ದೇ ತಡ, ತೂಗಾಟ ಒಂದು ಗಳಿಗೆ ನಿಂತು ಸದ್ದು ಬದಲಾಯಿತು. ಕೊಳವೆ ಕಳಚಿ ಮಡಿಸಿ ತೋರಿಸಿದರು. ಮೇಲಿನಿಂದ ನೋಡಿದರೆ ಹೊಸದು. ಕೆಳಗೆ ಕಿರುಬೆರಳಿನ ಉಗುರಿನಷ್ಟು ಬಿರುಕು. ಕಾಶ್ಮೀರಿ ಗೇಟಿನ ಬಿಡಿಭಾಗಗಳ ಪೇಟೆಯಲ್ಲಿ ಆ ಕೊಳವೆಗೆ ನಾನು ತೆತ್ತದ್ದು 180 ರೂಪಾಯಿ. ಗಾಡಿ ಅಂದಿನಿಂದ ಇಂದಿನವರೆಗೆ ಸಿಗ್ನಲ್ಲಿನಲ್ಲಿ ಆರಿಲ್ಲ.

ತಣ್ಣಗಿರುವಾಗ ತೊಂದರೆ ಏಕೆ ಇರಲಿಲ್ಲ? ತಣ್ಣನೆಯ ಎಂಜಿನ್ನಿಗೆ ಹೆಚ್ಚು ಗಾಳಿ ಬೇಕೇ ಬೇಕು. ಕದ್ದು ಬಂದ ಗಾಳಿ ಆ ಹೆಚ್ಚಿನ ಖರ್ಚಿನಲ್ಲಿ ಅಡಗಿಹೋಗುತ್ತಿತ್ತು. ಮದುವೆಯ ಮನೆಯ ಲೆಕ್ಕದಲ್ಲಿ ಸಣ್ಣ ಕಳ್ಳತನ ಕಾಣದಲ್ಲವೆ, ಹಾಗೆ. ಬಿಸಿಯಾದ ಮೇಲೆ ಬೇಕಾದ ಗಾಳಿ ಕಡಿಮೆ. ಕಂಪ್ಯೂಟರು ಬಾಗಿಲನ್ನು ಎಷ್ಟು ಮುಚ್ಚಿದರೂ ಗಾಳಿ ಬರುತ್ತಲೇ ಇದೆ, ವೇಗ ಏರುತ್ತಿದೆ. ಕಾಲು ತೆಗೆದಿದ್ದಾನೆ, ಆದರೂ ಇಷ್ಟು ವೇಗವೇಕೆ ಎಂದು ಅದು ಪೆಟ್ರೋಲನ್ನೇ ಕಡಿಯುತ್ತದೆ, ವೇಗ ಬೀಳುತ್ತದೆ, ಮತ್ತೆ ಕೊಡುತ್ತದೆ, ಮತ್ತೆ ಏರುತ್ತದೆ. ಇದೇ ಆ ತೂಗಾಟ. ಬೀಳುವ ವೇಗ ಹಿಡಿತಕ್ಕೆ ಸಿಕ್ಕದೆ ಹೋದರೆ ಎಂಜಿನು ಆರುತ್ತದೆ. ಹೊಸ ಥ್ರಾಟಲ್ ಹಾಕಿದ ಮೇಲೆ ಒಂದು ವಾರ ಸರಿಯಾಗಿದ್ದುದಕ್ಕೆ ಉಸ್ತಾದರು ಹೇಳಿದ ಕಾರಣ, ಜೋಡಿಸುವಾಗ ಕೊಳವೆಯನ್ನು ಎಳೆದು ಕೂರಿಸಿದ್ದರಿಂದ ಬಿರುಕು ಕೆಲವು ದಿನ ಮುಚ್ಚಿಕೊಂಡಿತ್ತು. ಅಮ್ಮನ ಮಾತು ಅರ್ಧ ಸರಿ: ತೊಂದರೆ ಗಾಳಿಯದೇ, ಕೊರತೆಯಲ್ಲ, ಹೆಚ್ಚಳ.

ಈ ಒಂದು ರೋಗದಿಂದ ನಾನು ಕಲಿತ ಇತರ ಲಕ್ಷಣಗಳನ್ನು ಈಗ ಒಂದೊಂದಾಗಿ ಹೇಳುತ್ತೇನೆ.

ಒಂದನೆಯದು, ವೇಗ ತೀರ ತಗ್ಗಿ, ಏಸಿ ಹಾಕಿದೊಡನೆ ಅಥವಾ ನಿಲ್ಲಿಸುವಾಗ ಆರುವುದು. ಇದರಲ್ಲಿ ಸಾಮಾನ್ಯ ಅಪರಾಧಿ ಮಸಿ. ಎಂಜಿನ್ನಿನ ಎಣ್ಣೆಯಾವಿಯೂ ದಿಲ್ಲಿಯ ಧೂಳೂ ಕೂಡಿ ತಟ್ಟೆಯ ಅಂಚಿನಲ್ಲಿ ಕಾಡಿಗೆ ಕಟ್ಟಿದಂತೆ ಕಟ್ಟುತ್ತದೆ. ಕೂದಲೆಳೆಯ ದಾರಿ ಮುಚ್ಚುತ್ತದೆ. ಅದಕ್ಕೆಂದೇ ಮಾರುವ ದ್ರವದಿಂದ, ಎಂಜಿನು ನಿಲ್ಲಿಸಿ, ಮೆತ್ತನೆಯ ಬಟ್ಟೆಯಲ್ಲಿ ಒರೆಸಬೇಕು. ಮೋಟರಿನ ತಟ್ಟೆಯನ್ನು ಬೆರಳಿನಿಂದ ಬಲವಾಗಿ ತಳ್ಳಬಾರದು, ಹಲ್ಲುಗಳು ಮುರಿಯುತ್ತವೆ. ಒರೆಸಿದ ಮೇಲೆ ಕೆಲವು ಗಾಡಿಗಳಿಗೆ ಹೊಸ ಅಳತೆಯನ್ನು ಮತ್ತೆ ಕಲಿಸಬೇಕಾಗುತ್ತದೆ. ಕ್ರಮ ಗಾಡಿಯ ಕೈಪಿಡಿಯಲ್ಲಿಯೋ ಮೆಕ್ಯಾನಿಕರಲ್ಲಿಯೋ ದೊರೆಯುವುದು. ಮೇ, ಜೂನ್ ತಿಂಗಳ ಆಂಧಿಯಾದ ಮೇಲೆ ಗಾಳಿಯ ಫಿಲ್ಟರನ್ನು ತೆಗೆದು ನೋಡುವುದು ಎಲ್ಲಕ್ಕಿಂತ ಅಗ್ಗದ ಉಪಾಯ.

ಎರಡನೆಯದು, ಬಿಸಿಯಾದ ಮೇಲೂ ವೇಗ ಏರಿಯೇ ಇರುವುದು ಅಥವಾ ತೂಗಾಡುವುದು. ಇದು ನನ್ನ ರೋಗ. ಕೊಳವೆಗಳನ್ನು ನೋಡಿ, ಸದ್ದನ್ನು ಕೇಳಿ. ಚಳಿಗಾಲದಲ್ಲಿ ನಮ್ಮ ಪಾರ್ಕಿಂಗುಗಳ ಇಲಿಗಳು ಬಾನೆಟ್ಟಿನೊಳಗೆ ಸಂಸಾರ ಹೂಡಿ, ರಬ್ಬರು, ತಂತಿ ಎಲ್ಲವನ್ನೂ ಕಡಿಯುತ್ತವೆ. ಬ್ರೇಕು ತುಳಿದಾಗ ಎಂಜಿನ್ನಿನ ನಡೆ ಬದಲಾಗಿ, ಪೆಡಲು ಕಲ್ಲಿನಂತೆ ಗಟ್ಟಿಯಾದರೆ ಬ್ರೇಕಿನ ಸಹಾಯಕ್ಕಿರುವ ಕೊಳವೆಯೋ ಅದರ ಡಬ್ಬಿಯೋ ಸೋರುತ್ತಿರಬಹುದು. ಅಂಥ ಗಾಡಿಯನ್ನು ಒಂದು ದಿನವೂ ಓಡಿಸಬೇಡಿ.

ಮೂರನೆಯದು, ವೇಗ ಸರಿಯಿದ್ದರೂ ಕುಂಟುವುದು. ‘ಮಿಸ್ಸಿಂಗ್’ ಎನ್ನುತ್ತಾರಲ್ಲ, ಅದು. ನಾಲ್ಕು ಜನ ಹೊತ್ತ ಪಲ್ಲಕ್ಕಿಯಲ್ಲಿ ಒಬ್ಬ ಕಾಲು ಕೊಡದಂತೆ. ಇಲ್ಲಿ ತಪ್ಪು ಒಂದು ಸಿಲಿಂಡರಿನದು: ಪ್ಲಗ್ಗು, ಕಾಯಿಲ್ಲು ಅಥವಾ ಪೆಟ್ರೋಲು ಚಿಮ್ಮಿಸುವ ಇಂಜೆಕ್ಟರು. ಮೆಕ್ಯಾನಿಕರು ಇಂಜೆಕ್ಟರುಗಳ ತಂತಿಯನ್ನು ಒಂದೊಂದಾಗಿ ಬಿಡಿಸುತ್ತಾರೆ. ಯಾವುದನ್ನು ಬಿಡಿಸಿದಾಗ ಕುಂಟು ಹೆಚ್ಚುವುದಿಲ್ಲವೋ ಅಲ್ಲಿ ಕೆಲಸ ಮೊದಲೇ ನಿಂತಿತ್ತು ಎಂದರ್ಥ.

ನಮ್ಮಲ್ಲಿ ಸಿ.ಎನ್.ಜಿ. ಗಾಡಿಯವರು ಬಹಳ. ಅವರಿಗೆ ದೇವರು ಕೊಟ್ಟ ಒಂದು ಸೌಲಭ್ಯ ಉಂಟು: ಎರಡು ಇಂಧನ. ಗ್ಯಾಸಿನಲ್ಲಿ ಮಾತ್ರ ಕುಂಟಿ ಪೆಟ್ರೋಲಿನಲ್ಲಿ ಸರಿಯಾಗಿ ನಡೆದರೆ ತಪ್ಪು ಬಹುಮಟ್ಟಿಗೆ ಗ್ಯಾಸಿನ ಕಡೆಯದು. ಎರಡರಲ್ಲಿಯೂ ಕುಂಟಿದರೆ ಗಾಳಿ, ಪ್ಲಗ್ಗು, ಥ್ರಾಟಲುಗಳಂಥ ಸಮಾನ ಭಾಗದ್ದು. ಎರಡು ಲೆಡ್ಜರುಗಳನ್ನು ಎದುರುಬದುರು ಇಟ್ಟಂತೆ. ಒಂದೇ ಎಚ್ಚರಿಕೆ: ಗ್ಯಾಸನ್ನು ಹೊತ್ತಿಸಲು ಹೆಚ್ಚು ಬಲವಾದ ಕಿಡಿ ಬೇಕು, ಆದುದರಿಂದ ಸವೆದ ಪ್ಲಗ್ಗು ಮೊದಲು ತನ್ನ ಬಣ್ಣವನ್ನು ಗ್ಯಾಸಿನಲ್ಲಿಯೇ ತೋರಿಸುತ್ತದೆ. ಗ್ಯಾಸಿನ ಕಿಟ್ಟನ್ನು ಬೈಯುವ ಮೊದಲು ಪ್ಲಗ್ಗು ನೋಡಿ.

2013ರ ಏಪ್ರಿಲಿನಿಂದ ಈಚಿನ ಗಾಡಿಗಳಲ್ಲಿ ಸ್ಟೀರಿಂಗಿನ ಕೆಳಗೆ ಹದಿನಾರು ಕಾಲಿನ ಒಂದು ಕಿಂಡಿ ಇದೆ. ಅದಕ್ಕೆ ಕೆಲವು ನೂರು ರೂಪಾಯಿಯ ಒಂದು ಸಾಧನ ಚುಚ್ಚಿದರೆ ಗಾಡಿಯ ದೂರುಗಳು ಮೊಬೈಲಿನಲ್ಲಿ ಕಾಣುತ್ತವೆ. ಪಿ 0171 ಎಂದರೆ ಗಾಳಿ ಹೆಚ್ಚು, ಪೆಟ್ರೋಲು ಕಡಿಮೆ. ಪಿ 0301ರಿಂದ 0304 ಎಂದರೆ ಒಂದರಿಂದ ನಾಲ್ಕರವರೆಗಿನ ಯಾವ ಸಿಲಿಂಡರು ಕುಂಟುತ್ತಿದೆ ಎಂಬುದು. ಪಿ 0506 ನಿಂತಲ್ಲಿ ವೇಗ ಕಡಿಮೆ, ಪಿ 0507 ಹೆಚ್ಚು. ಆದರೆ ಇವು ದೂರುಗಳು, ತೀರ್ಪುಗಳಲ್ಲ. ಗ್ರಾಹಕರು ದೂರು ಕೊಟ್ಟೊಡನೆ ಗುಮಾಸ್ತನನ್ನು ವಜಾ ಮಾಡುವರೇ? ವಿಚಾರಣೆ ಆಗಬೇಡವೆ?

ಹೊಗೆ ತಪಾಸಣೆಯ ಚೀಟಿಯನ್ನೂ ನಾವು ದಂಡದ ಭಯಕ್ಕೆ ಮಾತ್ರ ಇಟ್ಟುಕೊಳ್ಳುತ್ತೇವೆ, ಓದುವುದಿಲ್ಲ. ಅದು ಈ ನಿಂತಲ್ಲಿಯ ಉಸಿರಿನದೇ ಪರೀಕ್ಷೆ. ನನ್ನದರಂಥ ಬಿ.ಎಸ್. 4 ಪೆಟ್ರೋಲು ಗಾಡಿಗೆ ಅಲ್ಲಿ ಕಾರ್ಬನ್ ಮಾನಾಕ್ಸೈಡು ಶೇಕಡ 0.3, ಉರಿಯದೆ ಉಳಿದ ಹೈಡ್ರೋಕಾರ್ಬನ್ನು ಹತ್ತು ಲಕ್ಷಕ್ಕೆ 200 ಮೀರಬಾರದು. ಮೊದಲನೆಯದು ಏರಿದ್ದರೆ ಪೆಟ್ರೋಲು ಅತಿಯಾಗಿದೆ ಎಂದೂ, ಎರಡನೆಯದು ಮಾತ್ರ ಏರಿದ್ದರೆ ಎಲ್ಲೋ ಕಿಡಿ ತಪ್ಪುತ್ತಿದೆ ಎಂದೂ ಒಂದು ಸುಳಿವು. ಹಳೆಯ ಚೀಟಿಯನ್ನು ಹೊಸದರ ಪಕ್ಕದಲ್ಲಿಟ್ಟು ನೋಡುವ ಅಭ್ಯಾಸ ಒಳ್ಳೆಯದು.

ಇಲ್ಲಿರುವ ಹಿರಿಯರು ಅಂಬಾಸಿಡರು, ಫಿಯಟ್ಟುಗಳ ಕಾಲದವರು. 1983ರ ಡಿಸೆಂಬರಿನಲ್ಲಿ ಗುರ್ಗಾಂವಿನಿಂದ ಹೊರಟ ಮಾರುತಿ 800 ಕಂಡವರು. ಆಗ ಕಾರ್ಬುರೇಟರಿತ್ತು. ಚಳಿಯ ಬೆಳಗ್ಗೆ ಚೋಕು ಎಳೆದು, ಸ್ಕ್ರೂಡ್ರೈವರಿನಿಂದ ಒಂದು ತಿರುಪು ತಿರುಗಿಸಿದರೆ ಗಾಡಿ ಸರಿಯಾಗುತ್ತಿತ್ತು. ಈಗ ಎಲ್ಲ ಕಂಪ್ಯೂಟರು ಎಂದು ಅವರು ಕೊರಗುವುದುಂಟು. ಆ ತಿರುಪು ಹೋದದ್ದು ಈ ಊರಿನ ಗಾಳಿಯ ದೆಸೆಯಿಂದ. ಸುಪ್ರೀಂ ಕೋರ್ಟು 1998ರ ಜುಲೈಯಲ್ಲಿ ದಿಲ್ಲಿಯ ಬಸ್ಸುಗಳು ಸಿ.ಎನ್.ಜಿ.ಗೆ ಬದಲಾಗಬೇಕೆಂದಿತು. 1999ರ ಏಪ್ರಿಲಿನಲ್ಲಿ, ರಾಜಧಾನಿ ವಲಯದ ಹೊಸ ಖಾಸಗಿ ಕಾರುಗಳು ಅದೇ ಜೂನ್ 1ರಿಂದ ಯೂರೋ 1, 2000ದ ಏಪ್ರಿಲ್ 1ರಿಂದ ಯೂರೋ 2 ನಿಯಮಕ್ಕೆ ಒಳಪಡಬೇಕೆಂದು ಆಜ್ಞೆ ಮಾಡಿತು. ಕಾರ್ಬುರೇಟರಿಗೆ ಆ ಮಡಿ ಪಾಲಿಸಲು ಕಷ್ಟವಾಯಿತು. ಅಳೆದು ಚಿಮ್ಮಿಸುವ ಪದ್ಧತಿ ಬಂದಿತು. ತಿರುಪು ಹೋದರೂ ಕಣ್ಣು, ಕಿವಿ, ನೋಟು ಪುಸ್ತಕ ಹೋಗಿಲ್ಲ.

ಇನ್ನು ಪ್ರಾಣಕ್ಕೆ ಸಂಬಂಧಿಸಿದ ಎರಡು ಮಾತು. ಗಾಡಿ ಹೊಸ ಬಗೆಯದಾದರೆ ಆಕ್ಸಿಲರೇಟರಿನಲ್ಲಿ ಅಳೆಯುವವರು ಇಬ್ಬರು, ಥ್ರಾಟಲಿನಲ್ಲಿಯೂ ಇಬ್ಬರು. ನಮ್ಮ ತಿಜೋರಿಗೆ ಇಬ್ಬರ ಬಳಿ ಬೇರೆಬೇರೆ ಬೀಗದ ಕೈ ಇರುವಂತೆ. ಇಬ್ಬರ ಲೆಕ್ಕ ತಾಳೆಯಾಗದಿದ್ದರೆ ಕಂಪ್ಯೂಟರು ಗಾಡಿಯನ್ನು ಆಮೆಯ ನಡಿಗೆಗೆ ಇಳಿಸುತ್ತದೆ. ಅದು ನಿಮ್ಮನ್ನು ಕಾಡಲು ಅಲ್ಲ, ಕಾಯಲು. ರಸ್ತೆಯ ಬದಿಗೆ ತನ್ನಿ. ಮತ್ತೆ ಮತ್ತೆ ಕೀಲಿ ತಿರುಗಿಸಿ ಅದೇ ಗಾಡಿಯಲ್ಲಿ ಹೆದ್ದಾರಿ ಹಿಡಿಯಬೇಡಿ.

ಎರಡನೆಯದು, ಆಕ್ಸಿಲರೇಟರು ಸಿಕ್ಕಿಕೊಂಡು ಮೇಲೆ ಬಾರದೆ ಹೋದರೆ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 2009ರ ಆಗಸ್ಟಿನಲ್ಲಿ ಕಾಲೊರಸಿನ ಚಾಪೆ ಪೆಡಲಿಗೆ ಸಿಕ್ಕಿ ನಾಲ್ವರು ಸತ್ತರು. ಅದಾದ ಮೇಲೆ ಲಕ್ಷಗಟ್ಟಲೆ ಕಾರುಗಳನ್ನು ಕಂಪೆನಿ ವಾಪಸು ಕರೆಸಬೇಕಾಯಿತು. ನಾವು ಚಾಪೆಯ ಮೇಲೆ ಚಾಪೆ ಹಾಸುವವರು; ಇಂದೇ ಮೇಲಿನದನ್ನು ತೆಗೆಯಿರಿ. ಹಾಗೇನಾದರೂ ಆದರೆ ಬ್ರೇಕನ್ನು ಬಲವಾಗಿ ಒಂದೇ ಸಮನೆ ಒತ್ತಿ ಹಿಡಿಯಿರಿ. ಒತ್ತಿ ಬಿಟ್ಟು ಮಾಡಬೇಡಿ. ಥ್ರಾಟಲು ತೆರೆದಿರುವಾಗ ಸೆಳೆತವಿರುವುದಿಲ್ಲ. ಬ್ರೇಕಿಗೆ ಉಳಿದಿರುವ ಬಲ ಎರಡು ಮೂರು ತುಳಿತಕ್ಕೆ ಮುಗಿಯುತ್ತದೆ. ಗೇರನ್ನು ನ್ಯೂಟ್ರಲಿಗೆ ತಳ್ಳಿ. ಎಂಜಿನು ಕಿರುಚಿಕೊಳ್ಳಲಿ, ಚಿಂತೆಯಿಲ್ಲ. ಗಾಡಿ ನಿಂತ ಮೇಲೆ ಕೀಲಿ ತಿರುಗಿಸಿ. ಓಡುವಾಗ ಕೀಲಿ ಹೊರತೆಗೆದರೆ ಸ್ಟೀರಿಂಗಿಗೆ ಬೀಗ ಬೀಳಬಹುದು.

ಇದನ್ನು ಕೇಳಿ ನಾಳೆಯೇ ಬಾನೆಟ್ಟು ತೆರೆಯುವ ಉತ್ಸಾಹಿಗಳಿಗೆ ಒಂದು ಮಾತು. ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಎಂಜಿನು ಓಡಿಸಿಕೊಂಡು ಪರೀಕ್ಷೆ ಮಾಡಬೇಡಿ. ಆ ಹೊಗೆಯಲ್ಲಿ ವಾಸನೆಯಿಲ್ಲದ ವಿಷವಿದೆ. ಹ್ಯಾಂಡ್ ಬ್ರೇಕು ಎಳೆದು, ಗೇರು ತಪ್ಪಿಸಿ, ಸೆರಗು, ಮಫ್ಲರುಗಳನ್ನು ಬೆಲ್ಟಿನಿಂದ ದೂರವಿಡಿ. ಖರ್ಚಿನ ಕ್ರಮದಲ್ಲಿ ನಡೆಯಿರಿ: ಮೊದಲು ನೋಡುವುದು, ಕೇಳುವುದು, ಬರೆಯುವುದು, ಅದಕ್ಕೆ ಕಾಸಿಲ್ಲ. ಆಮೇಲೆ ಫಿಲ್ಟರು, ಕೊಳವೆ; ಆಮೇಲೆ ಶುಚಿ ಮಾಡುವುದು, ಪ್ಲಗ್ಗು; ಆಮೇಲೆ ಅಳೆದು ನೋಡುವುದು. ಬದಲಾಯಿಸುವುದು ಕಟ್ಟಕಡೆಯದು. ಮೆಕ್ಯಾನಿಕರ ಬಳಿಗೆ ಹೋದಾಗ “ಇದನ್ನು ಬದಲಾಯಿಸಿ” ಎನ್ನಬೇಡಿ. “ಇಂಥ ಹೊತ್ತಿನಲ್ಲಿ ಹೀಗೆ ಆಗುತ್ತದೆ” ಎನ್ನಿ. ಹಿಂದಿ ಅರೆಬರೆ ಬರುವ ನಮ್ಮವರಿಗೆ ಬರೆದಿಟ್ಟ ಅಂಕೆಗಳೇ ಒಳ್ಳೆಯ ದುಭಾಷಿ.

ಮಹನೀಯರೆ, ಕೊನೆಗೆ ಒಂದು ವಿಜ್ಞಾಪನೆ. ಆ ರಾತ್ರಿ ಸೇತುವೆಯ ಮೇಲೆ ನಿಂತಾಗ ನನಗೆ ಅನ್ನಿಸಿದ್ದು, ತಿಪಟೂರಿನಲ್ಲಾಗಿದ್ದರೆ ಒಂದು ಕೂಗಿಗೆ ಬೀದಿಯೇ ಎದ್ದು ಬರುತ್ತಿತ್ತು. ಇಲ್ಲಿ ನನ್ನ ಫೋನಿನಲ್ಲಿ ನೂರಾರು ಕನ್ನಡಿಗರ ಹೆಸರಿತ್ತು. ರಾತ್ರಿ ಎರಡು ಗಂಟೆಗೆ ಯಾರನ್ನು ಎಬ್ಬಿಸಬಹುದೆಂದು ಮಾತ್ರ ಗೊತ್ತಿರಲಿಲ್ಲ. ಸಂಕೋಚ ಅಡ್ಡಬಂತು. ನಮ್ಮ ಸಂಘ ನಾಟಕ ಆಡಿಸುತ್ತದೆ, ಹಬ್ಬ ಮಾಡುತ್ತದೆ. ಅದರ ಜೊತೆಗೆ ಮಯೂರ ವಿಹಾರ, ದ್ವಾರಕಾ, ಜನಕಪುರಿ, ನೊಯ್ಡಾ, ಗುರ್ಗಾಂವ್ ಹೀಗೆ ಬಡಾವಣೆವಾರಾಗಿ, ಅಪರಾತ್ರಿಯಲ್ಲಿ ಎಬ್ಬಿಸಿದರೂ ಬೇಸರಪಡದೆ ಗಾಡಿ ತೆಗೆಯುವ ಇಬ್ಬಿಬ್ಬರ ಪಟ್ಟಿ ಮಾಡಬಾರದೇಕೆ? ಹೊಸದಾಗಿ ವರ್ಗವಾಗಿ ಬಂದವರಿಗೆ, ವಯಸ್ಸಾದ ತಂದೆತಾಯಿಗಳನ್ನು ಕರೆತಂದವರಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಮಯೂರ ವಿಹಾರದ ಸಾಲಿನಲ್ಲಿ ಮೊದಲ ಹೆಸರು ನನ್ನದು ಬರೆದುಕೊಳ್ಳಿ. ಎರಡನೆಯ ಹೆಸರು ಈ ಕೂಟ ಮುಗಿಯುವುದರೊಳಗೆ ಸಿಕ್ಕಬೇಕು.

ಅಮ್ಮ ಈಗ ತಿಪಟೂರಿನಲ್ಲಿದ್ದಾರೆ. ಪ್ರತಿ ಭಾನುವಾರ ಫೋನು ಮಾಡಿದಾಗ ನಾನು “ಉಸಿರು ಹೇಗಿದೆಯಮ್ಮ?” ಎನ್ನುತ್ತೇನೆ. ಅವರು ಉತ್ತರ ಕೊಟ್ಟು, “ಗಾಡಿದು?” ಎನ್ನುತ್ತಾರೆ. ನಾನು ಪುಸ್ತಕ ನೋಡಿಯೇ ಹೇಳುತ್ತೇನೆ.